ಸವಳು ನೆಲದಲ್ಲಿ ಗಾಂಜಾ ಕಾಯುತ್ತಿದ್ದೆ

ಅಬಕಾರಿ ಇಲಾಖೆಗೆ ಹೊಸದಾಗಿ ಸೇರಿದ ಹುಡುಗರು ಈಗಲೂ ಒಮ್ಮೊಮ್ಮೆ ಚಿತ್ರದುರ್ಗದ ನಮ್ಮ ಮನೆಗೆ ಬರುತ್ತಾರೆ. ಬಂದವರಿಗೆ ದಾಳಿಯ ಕತೆ ಬೇಕು. ಜೀಪು ಹೇಗೆ ಹೋಯಿತು, ಯಾರು ಓಡಿದರು, ಯಾರನ್ನು ಹಿಡಿದಿರಿ ಅಂತ ಕೇಳುತ್ತಾರೆ. ನನ್ನ ನೌಕರಿಯ ಮೊದಲ ಎಷ್ಟೋ ವರ್ಷ ಒಬ್ಬನೇ ಕೂತು ಗಿಡ ನೋಡುವುದರಲ್ಲೇ ಹೋಯಿತು ಎಂದರೆ ನಂಬುವುದಿಲ್ಲ. "ತಮಾಷೆ ಮಾಡ್ತೀರಾ ಸಾರ್" ಅನ್ನುತ್ತಾರೆ. ತಮಾಷೆ ಅಲ್ಲ. ಈ ಕೆಲಸಕ್ಕೆ ಬರುವವರಿಗೆ ಓಡುವುದನ್ನು ಯಾರಾದರೂ ಕಲಿಸುತ್ತಾರೆ, ಒಬ್ಬರೇ ಕೂರುವುದನ್ನು ಯಾರೂ ಕಲಿಸುವುದಿಲ್ಲ. ಅದಕ್ಕೇ ಇದನ್ನು ಬರೆಯುತ್ತಿದ್ದೇನೆ. ಬಡ್ತಿ ಯಾವಾಗ ಸಿಕ್ಕಿತು, ಯಾರ ಕೈಯಿಂದ ಹಾರ ಹಾಕಿಸಿಕೊಂಡೆ ಎನ್ನುವುದನ್ನೆಲ್ಲ ಬಿಟ್ಟಿದ್ದೇನೆ. ಅದು ಎಲ್ಲರಿಗೂ ಒಂದೇ ಥರ ಸಿಗುತ್ತದೆ.

ನಾನು ಗಾರ್ಡ್ ಆಗಿ ಸೇರಿದ್ದು ಎಪ್ಪತ್ತರ ದಶಕದ ಆರಂಭದಲ್ಲಿ. ನಮ್ಮಪ್ಪ ದುರ್ಗದ ಪೇಟೆಯಲ್ಲಿ ಹಾಸಿಗೆ ಹೊಲಿಯುತ್ತಿದ್ದರು. ಹತ್ತಿಯ ಧೂಳು ಕುಡಿದು ಕುಡಿದು ಅವರ ಎದೆ ಕೆಟ್ಟಿತ್ತು. ಮಗನಿಗೆ ಖಾಕಿ ಸಿಕ್ಕಿತೆಂದು ಸಂತೋಷಪಟ್ಟು, ಆ ಸಂತೋಷದಲ್ಲೇ ಒಂದು ವರ್ಷದೊಳಗೆ ತೀರಿಕೊಂಡರು. ಮನೆಯಲ್ಲಿ ಉಳಿದಿದ್ದು ನಾನು ಮತ್ತು ನನ್ನ ಅಕ್ಕ ಖೈರುನ್ನಿಸಾ. ಗಂಡ ತೀರಿಕೊಂಡ ಮೇಲೆ ಅವಳು ತವರಿಗೆ ಬಂದಿದ್ದಳು.

ನನ್ನ ಮೊದಲ ದಾಳಿ ಹೊಳಲ್ಕೆರೆ ತಾಲ್ಲೂಕಿನ ಒಂದು ಹಳ್ಳಿಯಲ್ಲಿ. ಅಲ್ಲೊಂದು ಮನೆಯ ಹಿತ್ತಲಲ್ಲಿ ಗಾಂಜಾ ಬೆಳೆದಿದ್ದಾರೆಂದು ಯಾರೋ ಕಿವಿಗೆ ಹಾಕಿದ್ದರು. ಮಟಮಟ ಮಧ್ಯಾಹ್ನ ಹೋಗಿ ಹಿತ್ತಲು ಸುತ್ತುವರಿದೆವು. ಎದೆಯುದ್ದದ ಗಿಡಗಳು, ಅಗಲಿಸಿದ ಬೆರಳಿನಂತೆ ಸೀಳಿದ ಎಲೆ. ಇದೇ ಅಂದುಕೊಂಡು ನಾನೂ ಇನ್ನೊಬ್ಬ ಗಾರ್ಡೂ ಕೀಳಲು ಶುರು ಮಾಡಿದೆವು. ಅರ್ಧ ಕಿತ್ತಿದ್ದೆವೇನೋ, ಒಳಗಿಂದ ಒಬ್ಬ ಅಜ್ಜಿ ಮೊರ ಹಿಡಿದುಕೊಂಡು ಬಂದಳು.

"ಅಯ್ಯೋ ನಿಮ್ಮ ಕೈ ಸೇದೋಗ! ಪುಂಡಿಸೊಪ್ಪು ಕಿತ್ತು ಗುಡ್ಡೆ ಹಾಕ್ತಿದೀರಲ್ರೋ! ಚಟ್ನಿಗೆ ಬೇಕಿದ್ರೆ ಬಾಗ್ಲಾಗೆ ನಿಂತು ಕೇಳಿದ್ರೆ ನಾನೇ ಕೊಡ್ತಿರ್ಲಿಲ್ವೇನ್ರೋ?"

ನಮ್ಮ ಇನ್ಸ್‌ಪೆಕ್ಟರು ರಾಘವೇಂದ್ರರಾಯರು ಒಂದು ಎಲೆ ಕಿತ್ತು ಬಾಯಿಗೆ ಹಾಕಿಕೊಂಡರು. ಹುಳಿಗೆ ಅವರ ಮುಖ ಕಿವುಚಿತು. ಅಜ್ಜಿಗೆ ಕೈ ಮುಗಿದು ಜೀಪು ಹತ್ತಿದರು. ದಾರಿಯುದ್ದಕ್ಕೂ ನಸ್ಯ ಏರಿಸಿದ್ದು ಬಿಟ್ಟರೆ ಬೇರೆ ಸದ್ದಿಲ್ಲ.

ಮಾರನೆಯ ದಿನ ಕಚೇರಿಗೆ ಕರೆದರು.

"ಏನಪ್ಪ ಮಹಬೂಬ್, ಗಾಂಜಾ ಗಿಡ ನೋಡಿದೀಯಾ?"

"ಇಲ್ಲ ಸಾರ್."

"ನಾನೂ ಒಣಗಿದ್ದು ನೋಡಿದೀನಿ, ಹಸೀದು ಸರಿಯಾಗಿ ನೋಡಿಲ್ಲ. ಒಬ್ರಾದ್ರೂ ನೋಡಿದೋರು ಇರ್ಲಿ. ಹಿರಿಯೂರು ಕಡೆ ಹೊಲದ ಕಾವಲಿಗೆ ನಿನ್ನ ಹಾಕಿದೀನಿ."

ಮಾದಕ ವಸ್ತುಗಳ ಈಗಿನ ಕಾಯ್ದೆ ಆಗಿನ್ನೂ ಬಂದಿರಲಿಲ್ಲ. ಔಷಧಿ ತಯಾರಿಸುವವರಿಗೆ ಬೇಕೆಂದು ಒಂದು ಹೊಲಕ್ಕೆ ಲೈಸೆನ್ಸ್ ಕೊಟ್ಟು, ಇಲಾಖೆಯ ಕಾವಲಿನಲ್ಲಿ ಬೆಳೆಸುತ್ತಿದ್ದರು. ಒಂದೆಲೆಯೂ ಆಚೆ ಹೋಗದಂತೆ ನೋಡಿಕೊಳ್ಳುವುದು ಗಾರ್ಡಿನ ಕೆಲಸ. ಗಾರ್ಡ್ ಬೇಲಿಯ ಒಳಗೇ ಇರಬೇಕು, ಗಿಡ ಮುಟ್ಟಬಾರದು, ಬೆಳೆಯುವವನ ಮನೆಯಲ್ಲಿ ನೀರೂ ಕುಡಿಯಬಾರದು. ಇಷ್ಟನ್ನು ರಾಯರು ಎರಡೆರಡು ಸಲ ಹೇಳಿ ಕಳಿಸಿದರು.

ಆ ಹೊಲ ಹಿರಿಯೂರಿನಿಂದ ಪೂರ್ವಕ್ಕೆ, ಆಂಧ್ರದ ಗಡಿಯ ಕಡೆಗಿತ್ತು. ಬಸ್ಸಿಳಿದು ಬಂಜರಿನಲ್ಲಿ ಬಹಳ ದೂರ ನಡೆಯಬೇಕು. ಊರಿಗೆ ದೂರ, ದಾರಿಗೆ ದೂರ, ಜನರ ಕಣ್ಣಿಗೆ ದೂರ ಎಂದೇ ಇಲಾಖೆ ಆ ಜಾಗವನ್ನು ಒಪ್ಪಿತ್ತು. ಅಲ್ಲಿ ಏನಾದರೂ ಬೆಳೆಯುತ್ತದೆಯೇ ಎಂದು ಯಾರೂ ಕೇಳಿರಲಿಲ್ಲ. ಅದು ಸವಳು ನೆಲ. ಮಳೆ ಬಂದು ಹೋದ ಮೇಲೆ ಬಿಸಿಲು ಬಿದ್ದರೆ ಮಣ್ಣಿನ ಮೇಲೆ ಉಪ್ಪು ಬೆಳ್ಳಗೆ ಅರಳುತ್ತಿತ್ತು, ಮೆಟ್ಟಿದರೆ ಹಪ್ಪಳದಂತೆ ಮುರಿಯುತ್ತಿತ್ತು. ಒಂದು ಗೇಣು ಅಗೆದರೆ ಸುಣ್ಣಕಲ್ಲು. ಬಾವಿಯ ನೀರಿಗೂ ಉಪ್ಪಿನ ಒಗರು. ಸುತ್ತ ಜಾಲಿಮುಳ್ಳಿನ ಬೇಲಿ, ಒಂದು ಮೂಲೆಯಲ್ಲಿ ನನ್ನ ಗುಡಿಸಲು. ಆಷಾಢ ಬಂತೆಂದರೆ ಬೆಳಗಿನಿಂದ ಸಂಜೆಯವರೆಗೆ ಬೀಸುವ ಗಾಳಿ. ಆ ಗಾಳಿಯಲ್ಲಿ ಮನುಷ್ಯ ತನ್ನಷ್ಟಕ್ಕೆ ತಾನು ಮಾತಾಡಿಕೊಂಡರೆ ತನಗೇ ಕೇಳಿಸುವುದಿಲ್ಲ.

ಲೈಸೆನ್ಸ್ ಇದ್ದುದು ಪಾಲಯ್ಯ ಎನ್ನುವ ಮುದುಕನ ಹೆಸರಿನಲ್ಲಿ. ಎತ್ತರದ ಮನುಷ್ಯ. ಹೊಲದಿಂದ ಕೂಗಳತೆಗಿಂತ ಆಚೆ ಅವನ ಹಟ್ಟಿ. ಮನೆಯಲ್ಲಿ ಮಗಳು ಓಬಮ್ಮ ಒಬ್ಬಳೇ ಇದ್ದಳು. ಪಾಲಯ್ಯನ ಅಪ್ಪ ಹಿಂದಿನ ಕಾಲದಲ್ಲಿ ಸರ್ಕಾರಿ ಅಂಗಡಿಗಳಿಗೆಂದು ಈ ಬೆಳೆ ಬೆಳೆದಿದ್ದನಂತೆ. ಆ ವಿದ್ಯೆ ಇವನಿಗೆ ಬಂದಿತ್ತು. ಆದರೆ ಅಪ್ಪ ಬೆಳೆದಿದ್ದು ಕೆರೆಯ ಕೆಳಗಿನ ಕಪ್ಪು ಎರೆಮಣ್ಣಿನಲ್ಲಿ. ಮೊದಲ ವರ್ಷ ಪಾಲಯ್ಯ ತನ್ನ ಅಪ್ಪ ಮಾಡಿದಂತೆಯೇ ಎಲ್ಲ ಮಾಡಿದ. ಸಸಿಗಳು ಎದ್ದವು, ಬೆರಳುದ್ದವಾದವು, ಎಲೆಯ ಅಂಚು ಸುಟ್ಟಂತಾಗಿ ಹಳದಿಗೆ ತಿರುಗಿ ಮಲಗಿಬಿಟ್ಟವು. ಉಳಿದವನ್ನು ಗಾಳಿ ಒಣಗಿಸಿತು.

ನಾನು ಬೇಲಿಯ ಹತ್ತಿರ ನಿಂತು ನೋಡುತ್ತಿದ್ದೆ. ಅವನು ಒಂದು ಸತ್ತ ಸಸಿ ಹಿಡಿದುಕೊಂಡು ಬಂದ.

"ಆ ಮಣ್ಣೇ ಬ್ಯಾರೆ, ಇದೇ ಬ್ಯಾರೆ ಸಾಬ್ರೆ. ಇದು ಹೇಳಿದ ಮಾತು ಕೇಳಾ ಮಣ್ಣಲ್ಲ."

ಅದು ಅವನು ನನ್ನೊಡನೆ ಆಡಿದ ಮೊದಲ ಮಾತು. ಸುಮ್ಮನೆ ತಲೆಯಾಡಿಸಿದೆ. ಬಾಯಿಗೆ ಬೀಗ ಹಾಕಿಕೊಂಡಿರುವುದೇ ನಿಯತ್ತು ಎಂದು ಆಗ ನಂಬಿದ್ದೆ.

ಮುಂದಿನ ಬೇಸಿಗೆಯಲ್ಲಿ ಅವನು ಬತ್ತಿದ ಕೆರೆಯಿಂದ ಗಾಡಿಗಟ್ಟಲೆ ಗೋಡುಮಣ್ಣು ತಂದು ಹರಡಿದ. ಕುರಿಗೊಬ್ಬರ ಸುರಿದ. ಮಳೆಯ ನೀರು ಉಪ್ಪನ್ನು ತೊಳೆದುಕೊಂಡು ಹೋಗಲಿ ಎಂದು ಹೊಲದ ತಗ್ಗಿಗೆ ಕಾಲುವೆ ತೆಗೆದ. ಗಾಳಿಗೆ ಅಡ್ಡವಾಗಿ ಔಡಲದ ಸಾಲು ಬೆಳೆಸಿದ. ಬದು ಏರಿಸಿ ಅದರ ನೆತ್ತಿಯ ಮೇಲೆ ಸಸಿ ಇಟ್ಟ. ಅವೂ ಸತ್ತವು. ಉಪ್ಪು ಬದುವಿನ ನೆತ್ತಿಗೇ ಏರುತ್ತದೆ ಎಂದು ಗೊತ್ತಾಗುವ ಹೊತ್ತಿಗೆ ಅರ್ಧ ಬೆಳೆ ಹೋಗಿತ್ತು. ಉಳಿದ ಸಸಿಗಳನ್ನು ಬದುವಿನ ಹೆಗಲಿಗೆ ಇಳಿಸಿ ನೆಟ್ಟ. ಅವು ಹಿಡಿದವು. ಕಾರ್ತಿಕದ ಹೊತ್ತಿಗೆ ನನ್ನ ಎತ್ತರ ಬಂದವು. ಆ ನೆಲದಲ್ಲಿ ಅಷ್ಟು ಹಸಿರು ನೋಡಿದಾಗ ಕಾವಲಿನವನಾದ ನನಗೂ ಏನೋ ಒಂದು ಹೆಮ್ಮೆ. ಅದನ್ನು ಹೇಳಿಕೊಳ್ಳಲು ಮಾತ್ರ ಯಾರೂ ಇರಲಿಲ್ಲ.

ಗಿಡ ಹೂ ಬಿಡುವ ಕಾಲಕ್ಕೆ ಅದರ ವಾಸನೆ ಬಟ್ಟೆಗೆ ಹತ್ತುತ್ತದೆ. ನಾವು ಮುಟ್ಟದಿದ್ದರೂ ಗಾಳಿ ಮುಟ್ಟಿಸುತ್ತದೆ. ಅಂಟುವಾಳಕಾಯಿ ಹಾಕಿ ತಿಕ್ಕಿದರೂ ಹೋಗುವುದಿಲ್ಲ. ರಜೆಯಲ್ಲಿ ದುರ್ಗಕ್ಕೆ ಹೊರಟರೆ ಬಸ್ಸಿನಲ್ಲಿ ಪಕ್ಕ ಕೂತವರು ಎದ್ದು ಬೇರೆ ಕಡೆ ಹೋಗುತ್ತಿದ್ದರು. ಶುಕ್ರವಾರ ಮಸೀದಿಯಲ್ಲಿ ನನ್ನ ಸಾಲಿನಲ್ಲಿ ನಿಂತವರು ತಿರುಗಿ ನೋಡುತ್ತಿದ್ದರು. ನಾನು ಬೀಡಿಯನ್ನೂ ಸೇದಿದವನಲ್ಲ. ಹಾಗಂತ ಎಷ್ಟು ಜನರಿಗೆ ಹೇಳಿಕೊಂಡು ತಿರುಗುವುದು?

ಅಕ್ಕ ನನಗೊಂದು ಹೆಣ್ಣು ನೋಡಿದ್ದಳು. ಹಿರಿಯೂರಿನ ಬಳೆ ವ್ಯಾಪಾರಿಯ ಮಗಳು. ಹುಡುಗಿಯ ತಂದೆ ನಮ್ಮ ಮನೆಗೆ ಬಂದು ನನ್ನ ಪಕ್ಕದಲ್ಲೇ ಚಾಪೆಯ ಮೇಲೆ ಕೂತು ಚಹಾ ಕುಡಿದರು. ಒಳ್ಳೆಯ ಮನುಷ್ಯ. ನಡುವೆ ಒಂದೆರಡು ಸಲ ಮೂಗು ಏರಿಸಿದ್ದನ್ನು ನೋಡಿದೆ. ಹೊರಡುವಾಗ ಅಕ್ಕನನ್ನು ಆ ಕಡೆಗೆ ಕರೆದು, "ಹುಡುಗ ಸೇದ್ತಾನೇನಮ್ಮ?" ಎಂದು ಕೇಳಿದರಂತೆ. ಅಕ್ಕ ಅಲ್ಲಾನ ಮೇಲೆ ಆಣೆ ಇಟ್ಟಳು. ಅವರು ಆಗಲಿ ಎಂದು ಹೋದವರು ಮತ್ತೆ ಬರಲಿಲ್ಲ. ಆಮೇಲೆ ಬೇರೆ ಸಂಬಂಧ ನೋಡೋಣ ಎಂದಾಗೆಲ್ಲ ನಾನೇ ಮುಂದಕ್ಕೆ ಹಾಕಿದೆ. ಹಾಕುತ್ತಾ ಹಾಕುತ್ತಾ ವಯಸ್ಸು ಮೀರಿತು.

ಇನ್ನು ಪಾಲಯ್ಯನ ಕಣ್ಣಿನ ವಿಷಯ.

ಈ ಗಿಡದಲ್ಲಿ ಗಂಡು ಬೇರೆ, ಹೆಣ್ಣು ಬೇರೆ. ಗಂಡು ಹೂವರಳಿ ಧೂಳು ಉದುರಿಸುವ ಮೊದಲೇ ಅದನ್ನು ಗುರುತಿಸಿ ಕಿತ್ತು ಸುಡಬೇಕು. ಇಲ್ಲದಿದ್ದರೆ ಹೆಣ್ಣು ಗಿಡವೆಲ್ಲ ಬೀಜ ಕಟ್ಟಿ ಔಷಧಿಗೆ ಬಾರದೆ ಹೋಗುತ್ತದೆ. ಗುರುತು ಇರುವುದು ಕಾಂಡದ ಗೆಣ್ಣಿನಲ್ಲಿ: ಗಂಡಿಗೆ ಸಾಸಿವೆ ಕಾಳಿನಷ್ಟು ಮೊಗ್ಗು, ಹೆಣ್ಣಿಗೆ ಸಣ್ಣ ಬಿಳಿ ಎಳೆ. ಕಿತ್ತ ಗಿಡಗಳನ್ನು ನನ್ನ ಎದುರಿಗೇ ಸುಡಬೇಕೆಂದು ನಿಯಮವಿತ್ತು. ಒಂದು ವರ್ಷ ಹಾಗೆ ಸುಡಲು ಒಟ್ಟಿದ್ದ ಗುಡ್ಡೆ ನೋಡಿದರೆ, ಅದರಲ್ಲಿ ಒಳ್ಳೆಯ ಹೆಣ್ಣು ಗಿಡಗಳೇ ಎಷ್ಟೋ ಇದ್ದವು. ಬಿಳಿ ಎಳೆ ಕಣ್ಣಿಗೆ ಹೊಡೆಯುವಂತೆ ಕಾಣುತ್ತಿತ್ತು. ಹೊಲದತ್ತ ತಿರುಗಿ ನೋಡಿದೆ. ಪಾಲಯ್ಯ ಒಂದು ಗಿಡದ ಗೆಣ್ಣನ್ನು ಬೆರಳಲ್ಲಿ ಸವರಿ ಸವರಿ ನೋಡುತ್ತಿದ್ದ. ಮುಖ ಬೇರೆ ಎಲ್ಲೋ ಇತ್ತು. ಅವನ ಹಿಂದಿನ ಸಾಲಿನಲ್ಲಿ ಗಂಡು ಗಿಡಗಳು ಹಾಗೇ ನಿಂತಿದ್ದವು.

ಹತ್ತಿರ ಹೋದೆ. "ಪಾಲಜ್ಜ, ಕಿತ್ತಿದ್ರಾಗೆ ಹೆಣ್ಣು ಗಿಡ ಅವೆ."

ಅವನ ಕೈ ನಿಂತಿತು.

"ಎಷ್ಟು ಅವೆ?"

"ಸುಮಾರು ಅವೆ."

ಗೆಣ್ಣಿನಿಂದ ಕೈ ತೆಗೆದು ಪಂಚೆಗೆ ಒರೆಸಿಕೊಂಡ. ಆಮೇಲೆ, "ಪೊರೆ ಬಂದೈತೆ ಸಾಬ್ರೆ" ಅಂದ. "ಹೋದ ವರ್ಷನೇ ಮಬ್ಬು ಮಬ್ಬು ಇತ್ತು. ಈ ವರ್ಷ ಎಲೆ ಕಾಣ್ತೈತೆ, ಗೆಣ್ಣು ಕಾಣಲ್ಲ. ನಿಮ್ಮ ರಾಯರಿಗೆ ತಿಳಿದ್ರೆ ಲೈಸೆನ್ಸು ಇಸ್ಕಂತಾರೆ. ಓಬಿಗೂ ನಂಗೂ ಇರಾದು ಇದೊಂದೇ."

"ದುರ್ಗದಾಗೆ ಕಣ್ಣಿನ ಆಪರೇಷನ್ ಮಾಡ್ತಾರಲ್ಲ ಅಜ್ಜ."

"ಈಗ ಕಾಣೋ ನೆಳ್ಳೂ ಹೋದ್ರೆ ಯಾರನ್ನ ಕೇಳಾಣ?"

ನನಗೂ ಗಿಡ ಮುಟ್ಟುವಂತಿಲ್ಲ. ಅಲ್ಲೇ ನಿಂತು ಯೋಚಿಸಿದೆ. ನೌಕರಿಯ ಭಯವೂ ಇತ್ತು, ಅವನ ಮುಖವೂ ಎದುರಿಗಿತ್ತು. ಕೊನೆಗೆ, "ನಾನು ಮುಟ್ಟಲ್ಲ ಅಜ್ಜ. ನೋಡಿ ಹೇಳ್ತೀನಿ, ನೀವು ಕೀಳ್ರಿ" ಅಂದೆ.

ಹೀಗೆ ಶುರುವಾಯಿತು. ಅವನು ಸಾಲಿನ ಆ ಪಕ್ಕ, ನಾನು ಈ ಪಕ್ಕ. ನಾನು ಬಗ್ಗಿ ಗೆಣ್ಣು ನೋಡಿ "ಹೆಣ್ಣು" ಅನ್ನುತ್ತಿದ್ದೆ. ಅವನು ಒಂದು ಹೆಜ್ಜೆ ಮುಂದೆ ಬರುತ್ತಿದ್ದ. "ಗಂಡು" ಅನ್ನುತ್ತಿದ್ದೆ. ಅವನು ಬುಡಕ್ಕೆ ಕೈ ಹಾಕಿ ಎಳೆಯುತ್ತಿದ್ದ. ಹೆಣ್ಣು, ಹೆಣ್ಣು, ಗಂಡು, ಹೆಣ್ಣು. ದಿನವಿಡೀ ಬಿಸಿಲಿನಲ್ಲಿ ಎರಡೇ ಮಾತು. ಆದರೂ ಹೇಳುತ್ತೇನೆ, ಆ ಹೊಲಕ್ಕೆ ಬಂದ ಮೇಲೆ ನಾನು ಇನ್ನೊಬ್ಬ ಮನುಷ್ಯನ ಜೊತೆ ಅಷ್ಟು ಮಾತಾಡಿದ್ದು ಅದೇ ಮೊದಲು. ಸಂಜೆ ಗುಡಿಸಲಿಗೆ ಬಂದು ಕೂತರೆ ಗಂಟಲು ನೋಯುತ್ತಿತ್ತು. ಆ ನೋವು ಹಿತವಾಗಿತ್ತು.

ರಾಘವೇಂದ್ರರಾಯರು ಹೇಳದೆ ಕೇಳದೆ ತಪಾಸಣೆಗೆ ಬರುವವರು. ಒಂದು ದಿನ ತಿರುಗಿ ನೋಡಿದರೆ ಬೇಲಿಯ ಬಾಗಿಲಲ್ಲಿ ಸೈಕಲ್ ಹಿಡಿದು ನಿಂತಿದ್ದಾರೆ. ಎಷ್ಟು ಹೊತ್ತಿನಿಂದ ನಿಂತಿದ್ದರೋ. 

"ಏನಪ್ಪ ಅದು ಜಪ?"

ಸುಳ್ಳು ಹೇಳಲು ಬಾಯಿ ಬರಲಿಲ್ಲ. ಇದ್ದದ್ದನ್ನು ಇದ್ದಹಾಗೆ ಹೇಳಿದೆ. ಪಾಲಯ್ಯ ಕಿತ್ತ ಗಿಡವನ್ನು ಕೈಯಲ್ಲೇ ಹಿಡಿದು ನಿಂತಿದ್ದ. ರಾಯರು ನಸ್ಯದ ಡಬ್ಬಿ ತೆಗೆದು, ಅದರ ಮುಚ್ಚಳದ ಮೇಲೆ ಬೆರಳು ತಟ್ಟಿದರು.

"ಮುಟ್ಟಬಾರದು ಅಂತ ನಿಯಮ ಇದೆ. ಮಾತಾಡಬಾರದು ಅಂತ ಇಲ್ಲ" ಅಂದರು. "ಮುಂದುವರಿಸಿ. ಅಜ್ಜ, ಕಣ್ಣು ತೋರಿಸ್ಕೊಳ್ರಿ, ತಡ ಮಾಡಬೇಡ್ರಿ."

ಆಮೇಲೆ ಅವರು ತಮ್ಮ ಊಟದ ಡಬ್ಬಿ ತೆಗೆದುಕೊಂಡು ಹೋಗಿ, ಬೇಲಿಯಾಚೆ ಬೇವಿನ ಮರದ ಕೆಳಗೆ ನಮಗೆ ಬೆನ್ನು ಹಾಕಿ ಕೂತು ಮೊಸರನ್ನ ತಿಂದರು. ಯಾವ ಊರಿಗೆ ಹೋದರೂ ಅವರು ಹಾಗೇ ಉಣ್ಣುತ್ತಿದ್ದುದು. ನಿಯಮ ಮೀರದ ಒಳ್ಳೆಯ ಅಧಿಕಾರಿಗೂ ನನ್ನಷ್ಟೇ ಒಂಟಿತನ ಇರುತ್ತದೆ ಎಂದು ಆ ಬೆನ್ನು ನೋಡಿ ಅನ್ನಿಸಿತು.

ಆ ವರ್ಷ ನಾವು ಶುರು ಮಾಡುವ ಹೊತ್ತಿಗೇ ಕೆಲವು ಗಂಡು ಗಿಡ ಅರಳಿಬಿಟ್ಟಿದ್ದವು. ಹೊಲದ ಒಂದು ಪಾಲು ಬೀಜ ಕಟ್ಟಿ ಉದುರಿಸಿತು. ಮುಂದಿನ ವರ್ಷ ಬೆಳೆ ಚೆನ್ನಾಗಿ ಬಂತು. ಆದರೆ ಕೊಯ್ಲಿಗೆ ಮೊದಲೇ ಇಂಥ ಲೈಸೆನ್ಸ್ ಇನ್ನು ಮುಂದುವರಿಸಬಾರದೆಂದು ಆದೇಶ ಬಂತು. ನಿಂತ ಬೆಳೆಯನ್ನು ಸುಡಬೇಕು. ರಾಯರೇ ಬಂದು ಪಾಲಯ್ಯನಿಗೆ ಓದಿ ಹೇಳಿದರು. ಅವನು, "ಒಂದು ಬೆಳೆ ತಕ್ಕಂಡು ಬಿಡ್ತೀನಿ ಸಾಮಿ, ಬಲಿತು ನಿಂತೈತೆ" ಎಂದು ಒಂದೇ ಸಲ ಕೇಳಿದ. ರಾಯರು ತಲೆ ಬಗ್ಗಿಸಿದರು. ಮಧ್ಯಾಹ್ನ ಬೆಂಕಿ ಹಚ್ಚಿದೆವು. ಹಸಿ ಗಿಡ, ಬೇಗ ಹತ್ತಲಿಲ್ಲ. ದಪ್ಪ ಹೊಗೆ ಹಟ್ಟಿಯ ಕಡೆಗೆ ಹೋಯಿತು. ಓಬಮ್ಮ ಬಾಗಿಲು ಹಾಕಿಕೊಂಡಳು. ಪಾಲಯ್ಯ ಮಾತ್ರ ಬದುವಿನ ಮೇಲೆ ಕೂತೇ ಇದ್ದ. ಯಾವ ಸಾಲು ಉರಿಯುತ್ತಿದೆ ಎಂದು ಆಗಾಗ ಕೇಳುತ್ತಿದ್ದ. ನಾನು ಹೇಳುತ್ತಿದ್ದೆ.

ರಾಯರು ಅದಾದ ಮೇಲೆ ನಿವೃತ್ತರಾದರು. ನಾನು ದುರ್ಗದ ದಾಳಿ ತಂಡಕ್ಕೆ ಬಂದೆ. ಇಷ್ಟು ವರ್ಷ ಕಾಯ್ದ ಗಿಡವನ್ನು ಈಗ ಕೀಳುವ ಕೆಲಸ. ಹೊಸದುರ್ಗ, ಹೊಳಲ್ಕೆರೆ, ಎಲ್ಲಿ ಸುಳಿವು ಸಿಕ್ಕರೂ ನನ್ನನ್ನು ಜೀಪಿಗೆ ಹತ್ತಿಸುತ್ತಿದ್ದರು, ಮತ್ತೆ ಯಾರ ಪುಂಡಿಸೊಪ್ಪನ್ನೂ ಕೀಳಬಾರದಲ್ಲ.

ಒಮ್ಮೆ ಹಾಲುರಾಮೇಶ್ವರಕ್ಕೆ ಹೋಗಿದ್ದೆ. ಯಾತ್ರಿಕರ ನಡುವೆ ಬೈರಾಗಿಗಳು ಗಾಂಜಾ ಇಟ್ಟುಕೊಂಡು ಬಂದಿದ್ದಾರೆಂದು ದೂರು. ಮರದ ಕೆಳಗೆ ಉತ್ತರದ ಕಡೆಯ ಒಬ್ಬ ಮುದಿ ಬೈರಾಗಿ ಕೂತಿದ್ದ. ನಾನು ಮಫ್ತಿಯಲ್ಲಿದ್ದೆ. ಹಿಂದಿನ ದಿನ ಒಂದು ಹೊಲದ ಗಿಡ ಕಿತ್ತಿದ್ದ ಅಂಗಿಯೇ ಮೈಮೇಲಿತ್ತು. ಅವನು ಮೂಗರಳಿಸಿ, ನಕ್ಕು, ಕಂಬಳಿ ಸರಿಸಿ ಹಿಂದಿಯಲ್ಲಿ "ಬಾ ತಮ್ಮ, ಕೂತುಕೋ" ಅಂದ. ನಾನು ಉರ್ದುವಿನಲ್ಲೇ ನಾನು ಯಾರೆಂದು ಹೇಳಿದೆ. ಅವನು ನಗು ನಿಲ್ಲಿಸದೆ ಜೋಳಿಗೆ ಮುಂದೆ ನೂಕಿದ, ಕಂಬಳಿಯನ್ನು ಮಾತ್ರ ಹಿಂದಕ್ಕೆ ಎಳೆದುಕೊಳ್ಳಲಿಲ್ಲ. ಜಪ್ತಿ ಮಾಡಿದೆ, ಬಸ್ ಹಿಡಿದೆ. ಆ ವರ್ಷ ನನ್ನನ್ನು ತಾನಾಗಿ ಕರೆದು ಪಕ್ಕದಲ್ಲಿ ಕೂರಲು ಹೇಳಿದವನು ಅವನೊಬ್ಬನೇ ಎಂದು ಬಸ್ಸಿನಲ್ಲಿ ನೆನಪಾಯಿತು.

ಮಳೆಗಾಲದಲ್ಲಿ ಒಂದು ಸಲ ಹಿರಿಯೂರಿನ ಕಡೆ ಕೆಲಸ ಬಿತ್ತು. ಮುಗಿಸಿಕೊಂಡು ಹಳೆಯ ಹೊಲದ ಹತ್ತಿರ ಹೋದೆ. ಪಾಲಯ್ಯ ನವಣೆ ಹಾಕಿದ್ದ. ನವಣೆಯ ನಡುವೆ ಅಲ್ಲಲ್ಲಿ ಗಾಂಜಾ ಸಸಿಗಳು. ಪಾಲಯ್ಯನ ಕಣ್ಣು ಮಬ್ಬಾದ ವರ್ಷ ಉದುರಿದ ಬೀಜ ಮಣ್ಣಿನಲ್ಲಿ ಉಳಿದು ಮಳೆಗೆ ಎದ್ದಿದ್ದವು. ಯಾರ ಕಣ್ಣಿಗೆ ಬಿದ್ದರೂ ಪಾಲಯ್ಯ ಜೈಲಿಗೆ. ಅವನಿಗೆ ಅವು ಕಾಣುವುದಿಲ್ಲ. ಓಬಮ್ಮ ಬೆಳಗಿನಿಂದ ಕೂಲಿಗೆ ಹೋಗುತ್ತಾಳೆ. ನಾನು ಅಂಗಿ ತೋಳು ಮಡಚಿ ಸಾಲಿಗಿಳಿದೆ. ಕಿತ್ತು ಮುಗಿಸುವ ಹೊತ್ತಿಗೆ ಅವನು ಕೋಲೂರಿಕೊಂಡು ಬಂದ. ಗಾಳಿಗೆ ಮುಖ ಕೊಟ್ಟು ನಿಂತ.

"ಸಾಬ್ರಾ? ಎಳೇ ಗಿಡದ ವಾಸ್ನೆ ಬಂತು."

"ಹೂಂ ಅಜ್ಜ. ತಾನಾಗೇ ಎದ್ದಿದ್ವು. ಕಿತ್ತಾಕಿದೀನಿ."

"ಎಲ್ಲಾ?"

"ಕಂಡಷ್ಟೂ."

ಅವನು ತಲೆಯಾಡಿಸಿದ. ಆಮೇಲೆ ಪ್ರತಿ ಮಳೆಗಾಲವೂ ಒಂದು ಬಿಡುವು ಮಾಡಿಕೊಂಡು ಹೋಗುತ್ತಿದ್ದೆ. ನಾನು ಸಾಲು ನೋಡುತ್ತಾ ಹೋದರೆ ಅವನು ಬದುವಿನ ಮೇಲೆ ಜೊತೆಗೆ ನಡೆಯುತ್ತಿದ್ದ. ಬೇಸಾಯದ ಮಾತು, ಮಳೆಯ ಮಾತು, ಅವನ ಹೆಂಡತಿ ಬದುಕಿದ್ದಾಗಿನ ಮಾತು. ನನಗೂ ಅವನಿಗೂ ಮಾತಾಡಲು ಆ ಕಳೆಯೇ ನೆಪವಾಗಿತ್ತು.

ಒಂದು ವರ್ಷ ಮಳೆಗಾಲವಿಡೀ ನನ್ನನ್ನು ಹೊಸದುರ್ಗದ ಕಡೆಯೇ ಹಾಕಿದರು. ಹೋಗಲಾಗಲಿಲ್ಲ. ದೀಪಾವಳಿಯ ಮುಂಚೆ ಹೊಸ ಇನ್ಸ್‌ಪೆಕ್ಟರು ಶಿವಶಂಕರ ಎನ್ನುವವರು ಜೀಪು ಹತ್ತಿಸಿದರು. ಎಲ್ಲಿಗೆಂದು ಹೇಳಲಿಲ್ಲ. ಚುರುಕಿನ ಮನುಷ್ಯ, ಪ್ರಾಮಾಣಿಕರು, ತಾಳ್ಮೆ ಕಡಿಮೆ. ಜೀಪು ಹಿರಿಯೂರು ದಾಟಿ ಪೂರ್ವದ ದಾರಿಗೆ ತಿರುಗಿದಾಗ ಎಲ್ಲಿಗೆ ಹೋಗುತ್ತಿದ್ದೇವೆಂದು ನನಗೆ ಗೊತ್ತಾಯಿತು.

ಆ ವರ್ಷ ಪಾಲಯ್ಯ ಕಾಲುನೋವಿನಿಂದ ಹೊಲದ ಕಡೆ ಬಂದೇ ಇರಲಿಲ್ಲವಂತೆ, ನವಣೆಯನ್ನು ಪಾಲಿಗೆ ಕೊಯ್ದವರು ಈ ಗಿಡ ಮುಟ್ಟದೆ ಹೋಗಿದ್ದರು. ಬೋಳು ಹೊಲದಲ್ಲಿ ಆ ಗಿಡಗಳು ಎದ್ದು ಕಾಣುತ್ತಿದ್ದವು. ಮನುಷ್ಯರ ಎತ್ತರ. ಪಾಲಯ್ಯನನ್ನು ಕರೆತಂದು ನಿಲ್ಲಿಸಿದರು.

"ಏನಿದು?" ಇನ್ಸ್‌ಪೆಕ್ಟರು ಕೇಳಿದರು.

"ಎಲ್ಲಿ ಐತೆ ತೋರ್ಸ್ರಿ ಸಾಮಿ. ನಂಗೆ ಕಾಣಲ್ಲ."

"ಹಿಂದೆ ಲೈಸೆನ್ಸ್ ಇಟ್ಕೊಂಡು ಬೆಳೆದೋನು ನೀನು. ನನ್ ಹತ್ರ ನಾಟಕ ಬೇಡ."

ಪಾಲಯ್ಯ ಗಾಳಿಯತ್ತ ಮೂಗು ತಿರುಗಿಸಿದ. ಅವನಿಗೆ ಗೊತ್ತಾಯಿತು. ನಾನಿದ್ದೇನೆ ಎನ್ನುವುದೂ ಗೊತ್ತಾಗಿತ್ತೋ ಏನೋ. ನನ್ನ ಹೆಸರು ಮಾತ್ರ ಅವನ ಬಾಯಿಂದ ಬರಲಿಲ್ಲ.

ನಾನು ಮುಂದೆ ಬಂದೆ. "ಸಾರ್, ಇದು ಬಿತ್ತಿದ್ದಲ್ಲ. ಹಳೇ ಬೀಜ ಎದ್ದಿರೋದು. ಪ್ರತಿ ವರ್ಷ ನಾನೇ ಬಂದು ಕೀಳ್ತಿದ್ದೆ. ಈ ವರ್ಷ ಬರೋಕಾಗಲಿಲ್ಲ."

"ನೀನು ಯಾಕಯ್ಯ ಕೀಳ್ತಿದ್ದೆ?"

"ಅವರಿಗೆ ಕಣ್ಣು ಕಾಣಲ್ಲ ಸಾರ್."

"ನೀನು ಯಾರ ಕಡೆ ನೌಕರ?"

 ಕೇಸಾಯಿತು. ಮುದುಕನನ್ನು ಜೀಪಿನ ಹಿಂದೆ ಕೂರಿಸಿದರು, ನಾನು ಎದುರಿಗೆ ಕೂತೆ. 

ಓಬಮ್ಮ ಯಾರ್ಯಾರನ್ನೋ ಹಿಡಿದು ಜಾಮೀನು ಮಾಡಿಸಿದಳು. ವಿಚಾರಣೆ ಎಳೆಯಿತು. ನಾನು ಸರ್ಕಾರದ ಕಡೆಯ ಸಾಕ್ಷಿ, ಆರೋಪಿಯ ಜೊತೆ ಮಾತಾಡುವಂತಿಲ್ಲ. ಕೋರ್ಟಿನ ವರಾಂಡದಲ್ಲಿ ಆ ತುದಿಗೆ ಅಪ್ಪ ಮಗಳು, ಈ ತುದಿಗೆ ನಾನು. ತಂಡದವರು ನನ್ನಿಂದ ಸ್ವಲ್ಪ ದೂರವೇ ಕೂರುತ್ತಿದ್ದರು. ಓಬಮ್ಮ ನನ್ನತ್ತ ನೋಡುತ್ತಲೂ ಇರಲಿಲ್ಲ. ಅವಳ ಪಾಲಿಗೆ ನಾನು ಅಪ್ಪನನ್ನು ಹಿಡಿದುಕೊಂಡು ಹೋದ ಖಾಕಿಗಳಲ್ಲಿ ಒಬ್ಬ.

ಕಟಕಟೆಯಲ್ಲಿ ಕೇಳಿದ್ದಕ್ಕೆ ಕಂಡದ್ದನ್ನೇ ಹೇಳಿದೆ. ಗಿಡಗಳು ಸಾಲಿನಲ್ಲಿ ಇರಲಿಲ್ಲ. ಬದುವಿನ ನೆತ್ತಿ, ತಗ್ಗು, ದಾರಿ, ಎಲ್ಲೆಂದರಲ್ಲಿ ಇದ್ದವು. ಗಂಡು ಹೆಣ್ಣು ಬೆರೆತಿದ್ದವು. "ಬೆಳೀಬೇಕು ಅಂತ ಬೆಳೆದೋರು ಗಂಡು ಗಿಡ ಉಳಿಸಲ್ಲ ಸ್ವಾಮಿ. ಇವರಿಗೆ ಅದು ಚೆನ್ನಾಗಿ ಗೊತ್ತು" ಅಂದೆ. ಮ್ಯಾಜಿಸ್ಟ್ರೇಟರು ಪಾಲಯ್ಯನನ್ನು ಹತ್ತಿರ ಕರೆದು ಕಣ್ಣು ನೋಡಿದರು. ಎರಡೂ ಹಾಲಿನಂತೆ ಬಿಳಿಯಾಗಿದ್ದವು. ಮುಂದಿನ ತಾರೀಖಿಗೆ ಬಿಡುಗಡೆಯಾಯಿತು.

ಹೊರಗೆ ಮೆಟ್ಟಿಲಿನ ಹತ್ತಿರ ಪಾಲಯ್ಯ ಮಗಳ ಕೈ ಬಿಡಿಸಿಕೊಂಡು ನಿಂತ. "ಸಾಬ್ರು ಎಲ್ಲಿ ಅವ್ರೆ?" ಅಂದ. ನಾನು ಹೋದೆ.

"ಹೊಲಾನ ಈ ಮುಂಗಾರಿನಿಂದ ಕುರಿಯೋರಿಗೆ ಬಿಡ್ತೀನಿ. ಮಂದೆ ನಿಲ್ಲಿಸ್ಲಿ, ಮೇಯಿಸ್ಲಿ. ಕುರಿ ಬಾಯಿಗೆ ಏನೂ ಉಳಿಯಲ್ಲ. ಇನ್ನ ನೀವು ಬರೋ ಕೆಲ್ಸ ಇಲ್ಲ ಸಾಬ್ರೆ. ನನ್ನಿಂದ ನಿಮಗೆ ಭಾಳ ತೊಂದ್ರೆ ಆತು."

ನನ್ನ ಒಳ್ಳೆಯದಕ್ಕೇ ಹೇಳಿದ್ದು. ಆದರೂ ಅವರಿಬ್ಬರೂ ಬಸ್‌ಸ್ಟ್ಯಾಂಡಿನ ಕಡೆ ನಡೆದು ಹೋಗುವುದನ್ನು ನೋಡುತ್ತಾ ನಿಂತಾಗ, ಇದ್ದ ಒಂದು ಬಾಗಿಲೂ ಮುಚ್ಚಿಕೊಂಡಂತೆ ಅನ್ನಿಸಿತು.

ತಿಂಗಳು ಕಳೆಯುವುದರೊಳಗೆ ನನ್ನನ್ನು ಚಿಕ್ಕಜಾಜೂರಿಗೆ ಹಾಕಿದರು. ರೈಲ್ವೆ ಜಂಕ್ಷನ್ನಿನಲ್ಲಿ ಪಾರ್ಸಲ್ಲು, ಗಂಟುಮೂಟೆ ತಪಾಸಣೆ. ಶಿಕ್ಷೆ ಎಂದು ಯಾರೂ ಹೇಳಲಿಲ್ಲ, ಎಲ್ಲರಿಗೂ ಗೊತ್ತಿತ್ತು. ರೈಲು ಬಂದಾಗ ಇಡೀ ಪ್ಲಾಟ್‌ಫಾರಂ ಜನ. ಹೋದ ಮೇಲೆ ನಾನು, ಒಂದು ಬೆಂಚು, ಆಚೆ ಹೊಲ. ಮಳೆಗಾಲ ಬಂತು. ಕಾಲಿಗೆ ಅಭ್ಯಾಸ, ಹಿರಿಯೂರಿನ ಕಡೆ ಹೊರಡಬೇಕು ಅನ್ನುತ್ತಿತ್ತು. ಹೋಗಿ ಏನು ಮಾಡುವುದು? ಕೀಳಲು ಏನೂ ಇಲ್ಲ. ಇಲಾಖೆಯ ಕೆಲಸವಿಲ್ಲದೆ ನಾನು ಯಾರ ಮನೆಯ ಬಾಗಿಲನ್ನೂ ತಟ್ಟಿದವನಲ್ಲ. ಹಾಗೇ ಒಂದು ಮಳೆಗಾಲ ಕಳೆಯಿತು, ಇನ್ನೊಂದೂ ಬಂತು.

ಆ ಎರಡನೆಯ ವರ್ಷ ಒಂದು ಭಾನುವಾರ ಪೇಟೆಯಲ್ಲಿ ಹೊಲಿಸಿದ ಬಿಳಿ ಅಂಗಿ ಹಾಕಿಕೊಂಡು ಬಸ್ ಹತ್ತಿದೆ. ಏನೂ ಯೋಚಿಸಬಾರದೆಂದು ಯೋಚಿಸಿಕೊಂಡೇ ಹೋದೆ. ಹೊಲದ ತುಂಬ ಕುರಿ. ಹಟ್ಟಿಯೊಳಗೆ ಕಾಲಿಡುತ್ತಿದ್ದಂತೆ ಗುರುತು ಹಿಡಿದವರು ಒಬ್ಬೊಬ್ಬರಾಗಿ ಒಳಗೆ ಹೋದರು. ಓಬಮ್ಮ ಬಾಗಿಲಲ್ಲಿ ಕಾಳು ಕೇರುತ್ತಿದ್ದಳು. ನನ್ನನ್ನು ಕಂಡು ಎದ್ದು ಬಾಗಿಲಿಗೆ ಅಡ್ಡ ನಿಂತಳು.

"ಮತ್ತೇನು? ಈಗೇನು ಸಿಕ್ತು ನಿಮಗೆ?"

 ಒಳಗಿನಿಂದ ಪಾಲಯ್ಯ, "ಯಾರೇ ಅದು?" ಅಂದ.

"ಆ ಗಾಂಜಾ ಸಾಬ್ರು."

ಅವನು ಗೋಡೆ ಹಿಡಿದುಕೊಂಡು ಬಂದ. ಬಹಳ ಇಳಿದುಹೋಗಿದ್ದ. ಮೂಗೆತ್ತಿ ನೋಡಿದ, ಈ ಸಲ ನನ್ನ ಮೈಮೇಲೆ ಯಾವ ವಾಸನೆಯೂ ಇರಲಿಲ್ಲ.

"ಏನ್ ಕೇಸು ಸಾಬ್ರೆ?"

"ಏನೂ ಕೇಸಿಲ್ಲ ಅಜ್ಜ."

"ಸಮನ್ಸ್ ಏನಾರ ತಂದಿದೀರಾ?"

"ಇಲ್ಲ."

"ಮತ್ತೆ ಯಾತಕ್ಕೆ ಬಂದ್ರಿ ಅಷ್ಟು ದೂರದಿಂದ?"

"ಸುಮ್ನೆ ಬಂದೆ."

ಅವನಿಗೆ ಅರ್ಥವಾಗಲಿಲ್ಲವೇನೋ ಎಂದುಕೊಂಡೆ. ಓಬಮ್ಮ ನನ್ನ ಮುಖವನ್ನೇ ನೋಡುತ್ತಿದ್ದಳು. ಪಾಲಯ್ಯ ಬಾಗಿಲ ಪಕ್ಕದ ಜಗಲಿಯನ್ನು ಕೈಯಿಂದ ತಡವಿ, ಅಲ್ಲಿದ್ದ ಕಾಳನ್ನು ಅಂಗೈಯಲ್ಲಿ ಬದಿಗೆ ಸರಿಸಿದ.

"ಸುಮ್ನೆ ಬಂದೋರು ನಿಂತ್ಕಂಡೇ ಇರ್ತಾರಾ? ಕುಂತ್ಕಳ್ರಿ."

ಕೂತೆ. ಮಾತಿನಲ್ಲಿ ಕೊನೆಯ ಬಸ್ಸಿನ ಹೊತ್ತು ಮೀರಿದ್ದು ಇಬ್ಬರಿಗೂ ಗೊತ್ತಾಗಲಿಲ್ಲ.